ಸೊನ್ನೆ ಅಂತ ಬರೆದರೂ ಹಾಡು ಕೊಡುವ ಅಂಗಡಿ: ಬ್ಯಾಂಡ್‌ಕ್ಯಾಂಪ್ ಜೊತೆ ಹತ್ತು ವರ್ಷ

ಮೊದಲೇ ಹೇಳಿಬಿಡ್ತೀನಿ, ನಾನು ಸಂಗೀತ ಕಲಿತವನಲ್ಲ. ರಾಗ ತಾಳ ಕೇಳಬೇಡಿ. ಆದರೆ ದಿನವಿಡೀ ಕಿವಿಯಲ್ಲಿ ಏನಾದರೊಂದು ಓಡ್ತಾ ಇರಬೇಕು, ಇಲ್ಲದಿದ್ದರೆ ಕೆಲಸ ಸಾಗಲ್ಲ. ಬೆಂಗಳೂರಿನಲ್ಲಿ ಇದಕ್ಕೇನೂ ತೊಂದರೆ ಇಲ್ಲ. ಕಷ್ಟ ಶುರುವಾಗೋದು ಊರಿಗೆ ಹೋದಾಗ. ನಮ್ಮೂರು ಕೊಪ್ಪದ ಹತ್ತಿರ, ಸಿಗ್ನಲ್ ಬೇಕೆಂದರೆ ಅಡಿಕೆ ಒಣಗಿಸುವ ಅಂಗಳದ ಒಂದೇ ಒಂದು ಮೂಲೆಗೆ ಹೋಗಿ ನಿಲ್ಲಬೇಕು, ಮಳೆ ಬಂದರೆ ಅದೂ ಇಲ್ಲ.

ಹಾಗಾಗಿ ನನಗೆ ಬೇಕಾಗಿದ್ದು ಫೈಲು. ಫೋನಿನಲ್ಲಿ ಉಳಿಯುವ ಫೈಲು. ಕಾಲೇಜಿನ ದಿನಗಳಲ್ಲಿ ಎಲ್ಲರ ಹಾಗೆ ಕದ್ದ ಎಂಪಿ3 ಕೇಳಿದವನೇ ನಾನೂ, ಸುಳ್ಳು ಯಾಕೆ. ಆಮೇಲೆ ಒಬ್ಬ ಗೆಳೆಯ ಬ್ಯಾಂಡ್‌ಕ್ಯಾಂಪ್ ತೋರಿಸಿದ. 2008ರಲ್ಲಿ ಅಮೆರಿಕದಲ್ಲಿ ಶುರುವಾದ ತಾಣ. ಕಂಪನಿ ಬೆನ್ನಿಗಿಲ್ಲದ ಸಂಗೀತಗಾರರು ತಮ್ಮ ಆಲ್ಬಂ ತಾವೇ ಇಲ್ಲಿ ಹಾಕಿ ಮಾರುತ್ತಾರೆ. ಬೆಲೆಯೂ ಅವರದ್ದೇ. ಕೆಲವರು ಏಳು ಡಾಲರ್ ಅಂತಾರೆ, ಕೆಲವರು 'ನಿಮಗೆ ತೋಚಿದಷ್ಟು ಕೊಡಿ' ಅಂತಾರೆ. ಈ ಎರಡನೇ ಥರದವರ ಪೆಟ್ಟಿಗೆಯಲ್ಲಿ ಕನಿಷ್ಠ ಬೆಲೆ ಇಲ್ಲದಿದ್ದರೆ ಸೊನ್ನೆ ಅಂತ ಬರೆದರೂ ನಡೆಯುತ್ತೆ. ಕೆಲವರು ಇಮೇಲ್ ಕೇಳುತ್ತಾರೆ, ಅದಕ್ಕೆ ಲಿಂಕ್ ಬರುತ್ತೆ. ಕೊಟ್ಟರೆ ಅವರ ಸುದ್ದಿಪತ್ರಗಳೂ ಬರುತ್ತವೆ, ಅದಕ್ಕೇ ನಾನು ಬೇರೆ ಇಮೇಲ್ ಇಟ್ಟುಕೊಂಡಿದ್ದೀನಿ.

ಮೊದಲ ಸಲ ಸೊನ್ನೆ ಬರೆಯುವಾಗ ಏನೋ ಅಳುಕು. ಅಂಗಡಿಯವನು ನೋಡ್ತಾ ಇರುವಾಗಲೇ ಕಡಲೆಕಾಯಿ ಬಾಯಿಗೆ ಹಾಕಿಕೊಂಡ ಹಾಗೆ. ಎಂಪಿ3 ಬೇಕೋ, ದನಿ ಒಂದಿಷ್ಟೂ ಕಳೆಯದ ಫ್ಲಾಕ್ ಫೈಲು ಬೇಕೋ ಅಂತ ಅದೇ ಕೇಳಿತು, ಜಿಪ್ ಇಳಿಯಿತು, ಅಷ್ಟೇ. ನಲವತ್ತು ನಿಮಿಷದ ಆಲ್ಬಂ 320 ಕೆಬಿಪಿಎಸ್ ಎಂಪಿ3ಯಲ್ಲಿ ಸುಮಾರು ನೂರು ಎಂಬಿ. ಫ್ಲಾಕ್ ಅದರ ಎರಡು ಮೂರು ಪಟ್ಟು. ಹತ್ತು ವರ್ಷವಾದರೂ ನನ್ನ ಕಿವಿಗೆ ಎರಡರ ವ್ಯತ್ಯಾಸ ಗೊತ್ತಾಗಿಲ್ಲ, ಜಾಗ ಇದ್ದರೆ ಮಾತ್ರ ಫ್ಲಾಕ್.

ಆದರೆ ಹುಡುಕೋದು ಹೇಗೆ? ಇದನ್ನೇ ಎಲ್ಲರೂ ಕೇಳ್ತಾರೆ. ಹೆಸರೇ ಕೇಳಿರದವರ ಸಾವಿರಾರು ಆಲ್ಬಂ ಗುಡ್ಡೆ ಬಿದ್ದಿರುವಲ್ಲಿ ಒಳ್ಳೆಯದನ್ನು ಹೆಕ್ಕೋದು ಹೇಗೆ? ಟ್ಯಾಗ್ ಇವೆ: ಜಾಜ್, ಆಂಬಿಯೆಂಟ್ (ಹಿನ್ನೆಲೆಯಲ್ಲಿ ನಿಧಾನಕ್ಕೆ ಹರಿಯುವ ಥರದ ಸಂಗೀತ), ಊರಿನ ಹೆಸರು, ವಾದ್ಯದ ಹೆಸರು. ಆದರೆ ಟ್ಯಾಗ್ ನಂಬಿದರೆ ದಿನ ಹಾಳು, ಯಾರು ಏನು ಬೇಕಾದರೂ ಹಾಕಿಕೊಂಡಿರುತ್ತಾರೆ. ನಾನು ಮಾಡೋದು ಬೇರೆ. ಒಂದು ಆಲ್ಬಂ ಹಿಡಿಸಿತು ಅನ್ನಿ, ಆ ಪುಟದಲ್ಲೇ ಅದನ್ನು ದುಡ್ಡು ಕೊಟ್ಟು ಕೊಂಡವರ ಚಿಕ್ಕ ಚಿಕ್ಕ ಫೋಟೋ ಇರುತ್ತೆ. ಒಬ್ಬರನ್ನು ಒತ್ತಿದರೆ ಅವರು ಇಲ್ಲಿಯವರೆಗೆ ಕೊಂಡಿದ್ದೆಲ್ಲ ಕಾಣುತ್ತೆ, ಅದರಲ್ಲಿ ಇನ್ನೊಂದು ಹಿಡಿಸಿದರೆ ಅದನ್ನು ಕೊಂಡವರು, ಹೀಗೆ ಎಳೆ ಹಿಡಿದುಕೊಂಡು ಹೋದರೆ ರಾತ್ರಿ ಎರಡು ಗಂಟೆ ಆಗಿದ್ದೂ ತಿಳಿಯಲ್ಲ. ಜಪಾನಿನ ಯಾರೋ ಒಬ್ಬರು ಇದ್ದಾರೆ, ಮುಖದ ಬದಲು ಬೆಕ್ಕಿನ ಫೋಟೋ. ಒಂದು ಮಾತೂ ಆಡಿಲ್ಲ, ಆದರೆ ಅವರ ರುಚಿಯ ಮೇಲೆ ನನಗೆ ನನ್ನ ಗೆಳೆಯರಿಗಿಂತ ಜಾಸ್ತಿ ನಂಬಿಕೆ.

ಹೀಗೆ ಸಿಕ್ಕ ಒಂದನ್ನು ಒಮ್ಮೆ ಊರಿನಲ್ಲಿ ಅಡಿಕೆ ಸುಲಿಯುವ ರಾತ್ರಿ ಚಿಕ್ಕ ಸ್ಪೀಕರಿನಲ್ಲಿ ಹಾಕಿದ್ದೆ. ಬರೀ ಉದ್ದಕ್ಕೆ ಎಳೆಯುವ ಒಂದೇ ಸ್ವರ, ಮಧ್ಯೆ ಮಧ್ಯೆ ನೀರಿನ ಸದ್ದು. ಅಮ್ಮ ಒಳಗಿಂದ, 'ಯಾರೋ ಅದು, ಶಂಖ ಊದ್ತಿರೋದು?' ಅಂದಳು. ಮೆಟ್ಟುಗತ್ತಿ ಹಿಡಿದು ಕೂತಿದ್ದ ಒಬ್ಬರು ಅಜ್ಜಿ ಸ್ವಲ್ಪ ಹೊತ್ತು ಕೇಳಿ, 'ತಮ್ಮಾ, ಇದು ಎಲ್ಲಿ ಶುರುವಾಯ್ತು, ಎಲ್ಲಿ ಮುಗೀತು ಅಂತ ಗೊತ್ತೇ ಆಗಲ್ವಲ್ಲ' ಅಂದರು. ನಾನು ಓದಿದ ಆಂಬಿಯೆಂಟ್ ವಿಮರ್ಶೆಗಳಲ್ಲೆಲ್ಲ ಇದೇ ಬೆಸ್ಟ್.

ದುಡ್ಡಿನ ವಿಷಯ. ಡಿಜಿಟಲ್ ಮಾರಾಟದಲ್ಲಿ ತಾಣ ಇಟ್ಟುಕೊಳ್ಳೋದು 15 ಶೇಕಡಾ, ಜಾಸ್ತಿ ಮಾರುವವರಿಗೆ 10. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಸಂಗೀತ ಕಛೇರಿಗಳೆಲ್ಲ ನಿಂತಾಗ ಬ್ಯಾಂಡ್‌ಕ್ಯಾಂಪ್ ಫ್ರೈಡೇ ಶುರು ಮಾಡಿದರು. ಆ ದಿನ ತಾಣ ತನ್ನ ಪಾಲು ಬಿಟ್ಟುಕೊಡುತ್ತೆ. ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರದ ಲೆಕ್ಕ ಅದು, ನಮ್ಮಲ್ಲಿ ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೋ ಒಂದೂವರೆಗೋ ತೆರೆಯುತ್ತೆ. ಸೊನ್ನೆ ಹಾಕಿ ಇಳಿಸಿಕೊಂಡದ್ದರಲ್ಲಿ ನಿಜಕ್ಕೂ ಹಿಡಿಸಿದ್ದಕ್ಕೆ ಆ ದಿನ ಹೋಗಿ ಎರಡೋ ಮೂರೋ ಡಾಲರ್ ಕೊಡ್ತೀನಿ. ನನ್ನ ಕಾರ್ಡಿಗೆ ಹೊರದೇಶದ ವ್ಯವಹಾರ ಆನ್ ಮಾಡಿಸೋಕೆ ಬ್ಯಾಂಕಿನಲ್ಲಿ ಮೂರು ಸಲ ಅಲೆದ ಕಥೆ ಇನ್ನೊಂದು ದಿನಕ್ಕಿರಲಿ.

ಇನ್ನೊಂದು ಗೊತ್ತಿರಲಿ: ಉಚಿತ ಇಳಿಸುವಿಕೆಗೂ ಲೆಕ್ಕ ಇದೆ. ಸಂಗೀತಗಾರರಿಗೆ ತಿಂಗಳಿಗೆ 200 ಉಚಿತ ಡೌನ್‌ಲೋಡ್ ಸಿಗುತ್ತೆ, ಜಾಸ್ತಿ ಬೇಕಿದ್ದರೆ ಅವರೇ ಕೊಳ್ಳಬೇಕು. ಅಂದರೆ ನಾವು ಕೇಳದೆ ಸುಮ್ನೆ ಇಳಿಸಿ ಗುಡ್ಡೆ ಹಾಕಿದರೆ ಅದು ಇನ್ನೊಬ್ಬರ ಪಾಲು.

ಉಚಿತ ಅಂದರೆ ಏನು ಬೇಕಾದರೂ ಮಾಡಬಹುದು ಅಂತಲ್ಲ, ಅಲ್ವಾ? ಫೋಟೋ ಸ್ಟುಡಿಯೋ ಇಟ್ಟಿರುವ ಗೆಳೆಯ ಒಬ್ಬ ಮದುವೆ ವಿಡಿಯೋಗೆ ಹಾಡು ಕೇಳಿದ, ನನ್ನ ಹತ್ತಿರ ಇದ್ದ ಒಂದು ಕೊಳಲಿನ ಟ್ರ್ಯಾಕ್ ಕೊಟ್ಟೆ. ಆಮೇಲೆ ಪುಟದ ಕೆಳಗೆ ನೋಡಿದರೆ ಕ್ರಿಯೇಟಿವ್ ಕಾಮನ್ಸ್ (ಕೃತಿಯನ್ನು ಬೇರೆಯವರು ಹೇಗೆ ಬಳಸಬಹುದು ಅಂತ ಮೊದಲೇ ಹೇಳಿಬಿಡುವ) ಪರವಾನಗಿಯಲ್ಲಿ ಎನ್‌ಸಿ, ಎನ್‌ಡಿ ಎರಡೂ ಇತ್ತು. ಎನ್‌ಸಿ ಅಂದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಎನ್‌ಡಿ ಅಂದರೆ ಬದಲಾಯಿಸಿ ಹಂಚುವಂತಿಲ್ಲ, ಚಿತ್ರಕ್ಕೆ ಜೋಡಿಸೋದನ್ನೂ ಅವರು ಬದಲಾವಣೆ ಅಂತಲೇ ಲೆಕ್ಕ ಹಾಕ್ತಾರೆ. ದುಡ್ಡು ತಗೊಂಡು ಮಾಡುವ ಮದುವೆ ವಿಡಿಯೋ ಎರಡಕ್ಕೂ ತಪ್ಪು. ಫೋನ್ ಮಾಡಿ ತೆಗೆಸಿದೆ, ಬೈಸಿಕೊಂಡೆ. ಇಂಥ ಕೆಲಸಕ್ಕೆ ಫ್ರೀ ಮ್ಯೂಸಿಕ್ ಆರ್ಕೈವ್ ಅನ್ನೋ ತಾಣ ವಾಸಿ. ನ್ಯೂಜೆರ್ಸಿಯ ಡಬ್ಲ್ಯುಎಫ್‌ಎಂಯು ರೇಡಿಯೋದವರು 2009ರಲ್ಲಿ ಶುರು ಮಾಡಿದ್ದು, ಈಗ ಬೇರೆಯವರ ಕೈಯಲ್ಲಿದೆ. ಅಲ್ಲಿ ಪ್ರತಿ ಹಾಡಿನ ಪರವಾನಗಿಯೂ ಎದ್ದು ಕಾಣುತ್ತೆ. ಜಮೆಂಡೋ ಅಂತ ಇದೇ ಥರದ ಇನ್ನೊಂದು ತಾಣ ಕೂಡ ಇದೆ, ಕೇಳೋದಕ್ಕೆ ಪರವಾಗಿಲ್ಲ, ನನಗೆ ಅಷ್ಟು ಹತ್ತಲಿಲ್ಲ.

ಬ್ಯಾಂಡ್‌ಕ್ಯಾಂಪ್ ಬಗ್ಗೆ ಬೇಜಾರುಗಳು? ಕನ್ನಡ ಅಂತ ಹುಡುಕಿದರೆ ಕೈಗೆ ಸಿಗೋದು ಕಡಿಮೆ. ನಮ್ಮ ಹುಡುಗರು ಹೆಚ್ಚಿನವರು ಯೂಟ್ಯೂಬಿನಲ್ಲೇ ಹಾಕಿ ಸುಮ್ಮನಾಗುತ್ತಾರೆ. ಮತ್ತೆ ಮಾಲೀಕರು ಬದಲಾಗ್ತಾನೇ ಇದ್ದಾರೆ. 2022ರಲ್ಲಿ ವಿಡಿಯೋ ಗೇಮ್ ಕಂಪನಿ ಎಪಿಕ್ ಗೇಮ್ಸ್ ಕೊಂಡಿತು, 2023ರಲ್ಲಿ ಸಂಗೀತದ ಪರವಾನಗಿ ಮಾರುವ ಸಾಂಗ್‌ಟ್ರೇಡರ್‌ಗೆ ಮಾರಿತು, ಆ ಕೈಬದಲಾವಣೆಯಲ್ಲಿ ಅರ್ಧದಷ್ಟು ಜನರ ಕೆಲಸ ಹೋಯಿತು. ನಾಳೆ ಏನೋ ಎತ್ತವೋ. ಅದಕ್ಕೇ ಐದರಲ್ಲಿ ನಾಲ್ಕು ಸ್ಟಾರ್.

ಹೊಸಬರಿಗೆ ಒಂದೇ ಮಾತು: ಇಳಿಸಿದ್ದನ್ನು ಎರಡು ಕಡೆ ಇಡಿ. ಎರಡು ವರ್ಷದ ಹಿಂದೆ ನನ್ನ ಹಾರ್ಡ್‌ಡಿಸ್ಕ್ ಕೆಟ್ಟಿತು. ದುಡ್ಡು ಕೊಟ್ಟು ಕೊಂಡಿದ್ದೆಲ್ಲ ಅಕೌಂಟಿನ ಕಲೆಕ್ಷನ್‌ನಲ್ಲಿತ್ತು, ಮತ್ತೆ ಇಳಿಸಿಕೊಂಡೆ. ಸೊನ್ನೆ ಹಾಕಿದ್ದು ಯಾವುದೂ ಅಲ್ಲಿ ಇರಲಿಲ್ಲ. ಸುಮಾರನ್ನು ಹುಡುಕಿ ತಂದೆ. ಒಂದು ಆಲ್ಬಂನ ಪುಟವೇ ಮಾಯ, ಹಾಕಿದವರೇ ತೆಗೆದುಬಿಟ್ಟಿದ್ದರು. ಕೆಂಪು ಬಾಗಿಲಿನ ಚಿತ್ರ ಬಿಟ್ಟರೆ ಹೆಸರೂ ಸರಿಯಾಗಿ ನೆನಪಿಲ್ಲ. ಹೋದ ದೀಪಾವಳಿಗೆ ಭಾವನ ಕಾರಿನಲ್ಲಿ ಶೃಂಗೇರಿಗೆ ಹೋಗುವಾಗ ಅದೇ ಹಾಡು ಬಂತು. ಯಾವಾಗಲೋ ನಾನೇ ಅವರ ಪೆನ್‌ಡ್ರೈವ್‌ಗೆ ಹಾಕಿಕೊಟ್ಟಿದ್ದೆ. ಹಾಗೇ ಹಂಚೋದಕ್ಕೆ ಅದರ ಪರವಾನಗಿಯಲ್ಲಿ ಅನುಮತಿ ಇತ್ತು. ಒಂಬತ್ತರಲ್ಲಿ ಆರು ಹಾಡು ಉಳಿದಿವೆ, ನಾಲ್ಕನೆಯದು ಮಧ್ಯೆ ಒಂದು ಕಡೆ ಹಾರುತ್ತೆ. ಭಾವನಿಗೆ ಅದು ಹಾರುತ್ತೆ ಅನ್ನೋದೇ ಗೊತ್ತಿಲ್ಲ, ಹಾಡು ಇರೋದೇ ಹಾಗೆ ಅಂದುಕೊಂಡಿದ್ದಾರೆ.