ಪಿಕಪ್ಪಿನ ಬ್ಯಾಟರಿಯಲ್ಲಿ ಪೈಪ್ ಕೊಯ್ಯುವ ಗ್ರೈಂಡರ್ ನಡೀತದಾ? 1500 ವ್ಯಾಟಿನ ಇನ್ವರ್ಟರ್ ಬಳಸಿ ನೋಡಿದ್ದು

ಬದಿಯಡ್ಕ, ಪೆರ್ಲ, ಬಾಯಾರು ಕಡೆ ತೋಟಗಳಲ್ಲಿ ಪೈಪಿನ ಕೆಲಸ, ಗೇಟು ಗ್ರಿಲ್ಲಿನ ಕೆಲಸ ಮಾಡುವವರಿಗೆ ಇದು ಗೊತ್ತಿರುವ ತಲೆಬಿಸಿ, ಕೆಲಸ ಇರುದು ಗುಡ್ಡದ ಮೇಲಿನ ಟ್ಯಾಂಕಿನ ಹತ್ರ ಅಥವಾ ನೀರಿಗೆ ಅಂತ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ಬಾಯಲ್ಲಿ, ಕರೆಂಟ್ ಇರುದು ಕೆಳಗೆ ಮನೆಯಲ್ಲಿ. ಅಷ್ಟುದ್ದ ತೆಳು ವಯರ್ ಎಳೆದ್ರೆ ಮೇಲೆ ಮುಟ್ಟುವಾಗ ವೋಲ್ಟೇಜ್ ಸತ್ತಿರ್ತದೆ, ಮಳೆಗಾಲದಲ್ಲಿ ಒಂದು ಗೆಲ್ಲು ಲೈನಿಗೆ ಬಿದ್ರೆ ಕೆಎಸ್‌ಇಬಿಯವರು (ಕೇರಳದ ಕರೆಂಟ್ ಬೋರ್ಡಿನವರು) ಬರುವವರೆಗೆ ಅದೂ ಇಲ್ಲ. ಅದಕ್ಕೇ ಪಿಕಪ್ಪಿಗೆ ಇನ್ವರ್ಟರ್ ಕೂರಿಸಿದ್ದು. 12 ವೋಲ್ಟ್ ಒಳಗೆ, 230 ವೋಲ್ಟ್ ಹೊರಗೆ, ಪ್ಯೂರ್ ಸೈನ್ ವೇವ್ (ಮನೆ ಕರೆಂಟಿನ ಹಾಗೆ ನಯವಾದ ಅಲೆ), 1500 ವ್ಯಾಟ್, ಕಾಸರಗೋಡು ಹೊಸ ಬಸ್ ಸ್ಟ್ಯಾಂಡ್ ಹತ್ರದ ಒಂದು ಅಂಗಡಿಯಿಂದ ತಂದದ್ದು, ಹದಿನಾಲ್ಕು ಸಾವಿರದ ಹತ್ರ ಆಯ್ತು. ಒಂದು ಮಳೆಗಾಲ ಪೂರ್ತಿ ಬಳಸಿದ ಮೇಲೆ ಬರೀತಾ ಇದ್ದೇನೆ, ಯಾಕಂದ್ರೆ ತುಂಬ ಜನ ಬಾಕ್ಸಿನ ಮೇಲಿನ ನಂಬರ್ ಒಂದನ್ನೇ ನೋಡಿ ತೆಕ್ಕೊಳ್ತಾರೆ, ಅದರಲ್ಲಿ ನಿಜವಾಗಿ ನೋಡ್ಬೇಕಾದ್ದು ಬೇರೆಯೇ ಉಂಟು.

ಮೊದಲು ನಂಬರಿನ ಕತೆ. ಬಾಕ್ಸಿನ ಮೇಲೆ ದಪ್ಪ ಅಕ್ಷರದಲ್ಲಿ 3000 ಅಂತ ಬರೆದಿರ್ತಾರೆ, ಅದು ಪೀಕ್, ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತಿಗೆ ಮಾತ್ರ, ಮೋಟರ್ ಶುರುವಾಗುವಾಗಿನ ಎಳೆತ ತಡೆಯಲಿಕ್ಕೆ. ಒಂದೇ ಸಮ ನಡೆಸಲಿಕ್ಕೆ ಆಗುದು ಸಣ್ಣ ಅಕ್ಷರದಲ್ಲಿ ಇರುವ 1500. ಆ 1500 ವ್ಯಾಟ್ ಬರಬೇಕಾದ್ರೆ ಬ್ಯಾಟರಿ ಕಡೆಯಿಂದ ಎಷ್ಟು ಆಂಪ್ ಹೋಗ್ಬೇಕು ಅಂತ ಲೆಕ್ಕ ಹಾಕಿ, 1500ನ್ನು 12ರಲ್ಲಿ ಭಾಗಿಸಿದ್ರೆ 125, ಇನ್ವರ್ಟರಿನ ಒಳಗೆ ಬಿಸಿಯಾಗಿ ಹೋಗುದು ಸೇರಿಸಿದ್ರೆ ಸುಮಾರು 140 ಆಂಪ್. ಮನೆಯ 15 ಆಂಪಿನ ಪಾಯಿಂಟಿನಲ್ಲಿ ಆರಾಮ ನಡೆಯುವ ಟೂಲೇ ಇಲ್ಲಿ 140 ಆಂಪ್ ಎಳೀತದೆ ಅಂದ್ರೆ ವಯರು, ಕ್ಲಿಪ್ಪು, ಬ್ಯಾಟರಿ ಎಲ್ಲ ಅದಕ್ಕೆ ಸರಿಯಾಗಿ ಇರ್ಬೇಕಲ್ವಾ. ಕಾರಿನ ಸಿಗರೇಟ್ ಲೈಟರ್ ಸಾಕೆಟಿಗೆ ಸಿಕ್ಕಿಸುವ ಇನ್ವರ್ಟರ್ ಸಾಕಾ ಅಂತ ಕೇಳುವವರು ಇದ್ದಾರೆ, ಆ ಸಾಕೆಟಿನ ಫ್ಯೂಸು ಸಾಮಾನ್ಯ 10ರಿಂದ 15 ಆಂಪ್, ಲ್ಯಾಪ್‌ಟಾಪ್ ಚಾರ್ಜಿಗೆ ಸರಿ, ಗ್ರೈಂಡರ್ ಹಾಕಿದ ಕೂಡ್ಲೇ ಫ್ಯೂಸು ಹೋಗ್ತದೆ.

ಈ ಸೆಟ್ಟಿನಲ್ಲಿ ನಂಗೆ ದೊಡ್ಡ ತಕರಾರು ಇರುದು ಬಾಕ್ಸಿನ ಜೊತೆ ಕೊಟ್ಟ ಕೇಬಲಿನ ಮೇಲೆ. ಹೊರಗಿಂದ ದಪ್ಪ ಕಾಣ್ತದೆ, ಅದು ಪ್ಲಾಸ್ಟಿಕ್ಕಿನ ದಪ್ಪ, ಒಳಗೆ ತಾಮ್ರ ಕಡಿಮೆ, ತುದಿಯಲ್ಲಿ ಮೊಸಳೆ ಬಾಯಿಯ ಕ್ಲಿಪ್ಪು. ಮೀಟರ್ ಇಟ್ಟು ನೋಡಿದೆ. ಎಂಜಿನ್ ಆಫ್ ಇಟ್ಟು 850 ವ್ಯಾಟಿನ 4 ಇಂಚಿನ ಗ್ರೈಂಡರಿಗೆ ಜಿಐ (ಸತು ಬಳಿದ ಕಬ್ಬಿಣದ) ಪೈಪ್ ಕೊಟ್ಟು ಒತ್ತಿ ಹಿಡಿದಾಗ ಬ್ಯಾಟರಿಯ ಟರ್ಮಿನಲ್‌ನಲ್ಲಿ 11.9 ವೋಲ್ಟ್, ಇನ್ವರ್ಟರಿನ ಟರ್ಮಿನಲ್‌ನಲ್ಲಿ 10.9. ಒಂದು ವೋಲ್ಟ್ ದಾರಿಯಲ್ಲೇ ಹೋಯ್ತು. ಒಂದು ವೋಲ್ಟ್ ತಾನೆ ಅಂತ ಅನಿಸ್ಬಹುದು, ಆದ್ರೆ 80 ಆಂಪ್ ಹೋಗುವಾಗ ಒಂದು ವೋಲ್ಟ್ ಅಂದ್ರೆ 80 ವ್ಯಾಟ್ ಬಿಸಿ ಅಷ್ಟೂ ಆ ಕೇಬಲಿನಲ್ಲಿ, ಆ ಕ್ಲಿಪ್ಪಿನಲ್ಲಿ. ಕ್ಲಿಪ್ಪು ಕೈಯಲ್ಲಿ ಹಿಡಿಯಲಿಕ್ಕೆ ಆಗದಷ್ಟು ಸುಡ್ತಿತ್ತು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬೇರೆ. ಇನ್ನು ಸ್ವಲ್ಪ ಒತ್ತಿದ್ರೆ 10.5ಕ್ಕೆ ಇಳಿದು ಅಲಾರಂ ಹೊಡೀತದೆ, ಮತ್ತೆ ಕಟ್ ಆಗ್ತದೆ, ಆಗ ಜನ ಇನ್ವರ್ಟರಿಗೆ ಬೈತಾರೆ, ಇಲ್ಲ ಬ್ಯಾಟರಿ ಹೋಗಿದೆ ಅಂತ ಹೊಸತು ಹಾಕ್ತಾರೆ, ಎರಡೂ ಸರಿ ಇರ್ತದೆ ಪಾಪ.

ಅಂಗಡಿಗೆ ಹೋಗಿ ಹೇಳಿದಾಗ ಅಲ್ಲಿನ ಮೆಕ್ಯಾನಿಕ್ ವಾದ ಮಾಡ್ಲಿಲ್ಲ, ಅದಕ್ಕೆ ಅವರಿಗೆ ಪೂರ್ತಿ ಮಾರ್ಕು. “ಅಣ್ಣಾ, ಈ ಕೇಬಲ್ ಲೈಟು ಫ್ಯಾನಿಗೆ ಸಾಕು, ನಿಮ್ಮ ಕೆಲಸಕ್ಕೆ ವೆಲ್ಡಿಂಗ್ ಕೇಬಲ್ ಹಾಕುವ, ದುಡ್ಡು ಮಾತ್ರ ಬೇರೆ ಆಗ್ತದೆ” ಅಂದ್ರು. 35 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್, ಒಂದೊಂದು ಮೀಟರ್ ಮಾತ್ರ, ತುದಿಗೆ ಲಗ್ (ಬೋಲ್ಟ್ ಹಾಕಲಿಕ್ಕೆ ತೂತಿರುವ ಲೋಹದ ತುದಿ) ಹಾಕಿ ಪ್ರೆಸ್ ಮಾಡಿ, ನಟ್ಟು ಬೋಲ್ಟಿನಲ್ಲಿ ಬಿಗಿದು, ಬ್ಯಾಟರಿಯ ಪ್ಲಸ್ಸಿನ ಹತ್ತಿರವೇ 200 ಆಂಪಿನ ಫ್ಯೂಸ್ ಇಟ್ಟು ಕೊಟ್ರು. ಫ್ಯೂಸು ಬ್ಯಾಟರಿ ಹತ್ರವೇ ಇರ್ಬೇಕು, ಇನ್ವರ್ಟರ್ ಹತ್ರ ಇಟ್ಟು ಪ್ರಯೋಜನ ಇಲ್ಲ, ದಾರಿಯಲ್ಲಿ ಕೇಬಲ್ ಉಜ್ಜಿ ಗಾಡಿಯ ತಗಡಿಗೆ ತಾಗಿದ್ರೆ ಪಿಕಪ್ಪೇ ಹೊತ್ತಿಕೊಳ್ತದೆ. ಈಗ ಅದೇ ಗ್ರೈಂಡರ್ ಅದೇ ಪೈಪಿಗೆ ದಾರಿಯಲ್ಲಿ ಕಳೆದುಹೋಗುದು 0.2 ವೋಲ್ಟ್ ಮಾತ್ರ. ಟರ್ಮಿನಲ್ ಮುಟ್ಟಿ ನೋಡಿದ್ರೆ ಉಗುರು ಬೆಚ್ಚಗೆ ಅಷ್ಟೇ. ಇನ್ನು ಯಾರಾದ್ರೂ ಇನ್ವರ್ಟರ್ ದೂರ ಇಟ್ಟು 12 ವೋಲ್ಟಿನ ಕೇಬಲ್ ಉದ್ದ ಮಾಡ್ತೇನೆ ಅಂದ್ರೆ ದಯವಿಟ್ಟು ಬೇಡ, ಇನ್ವರ್ಟರ್ ಬ್ಯಾಟರಿ ಪಕ್ಕದಲ್ಲೇ ಇರ್ಲಿ, ಉದ್ದ ಮಾಡುದಾದ್ರೆ 230 ವೋಲ್ಟಿನ ಕಡೆ ಮಾಡಿ, ಅಲ್ಲಿ ಆಂಪ್ ಕಡಿಮೆ ಇರುದ್ರಿಂದ 2.5 ಸ್ಕ್ವೇರ್ ಎಂಎಂ ವಯರಿನಲ್ಲಿ ಮೂವತ್ತು ಮೀಟರ್ ಎಳೆದ್ರೂ ಗ್ರೈಂಡರಿಗೆ ಗೊತ್ತಾಗುದಿಲ್ಲ.

ಬ್ಯಾಟರಿ ವಿಷಯ. ಗಾಡಿಯ ಬ್ಯಾಟರಿ ಮಾಡಿರುದೇ ಸೆಲ್ಫ್ ಹೊಡೀಲಿಕ್ಕೆ, ಒಂದೆರಡು ಸೆಕೆಂಡ್ ಜೋರಾಗಿ ಕೊಟ್ಟು ಮತ್ತೆ ಆಲ್ಟರ್ನೇಟರಿನಿಂದ (ಎಂಜಿನ್ ತಿರುಗುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ) ತುಂಬಿಸಿಕೊಳ್ಳುದು ಅದರ ಕೆಲಸ, ಖಾಲಿ ಮಾಡಿ ಖಾಲಿ ಮಾಡಿ ಬಳಸಿದ್ರೆ ಒಳಗಿನ ಪ್ಲೇಟು ಬೇಗ ಹಾಳು. ಮತ್ತೆ 75 ಎಎಚ್ (ಆಂಪ್-ಅವರ್) ಅಂತ ಬರೆದಿದ್ರೆ 75 ಆಂಪಿನಂತೆ ಒಂದು ಗಂಟೆ ಸಿಗ್ತದೆ ಅಂತ ಅಲ್ಲ, ಆ ಲೆಕ್ಕ ಸಾಮಾನ್ಯ 20 ಗಂಟೆಯಲ್ಲಿ ನಿಧಾನ ಖಾಲಿ ಮಾಡುವಾಗಿನದ್ದು, ಜೋರಾಗಿ ಎಳೆದಷ್ಟೂ ಸಿಗುದು ಕಡಿಮೆ. ಹಾಗಾಗಿ ಎಂಜಿನ್ ಆಫ್ ಇಟ್ಟು ಗ್ರೈಂಡರ್ ನಡೆಸಿದ್ರೆ ಸಂಜೆ ಗುಡ್ಡದ ಮೇಲಿಂದ ಗಾಡಿ ತಳ್ಳುದೇ ಗತಿ. ಎಂಜಿನ್ ಆನ್ ಇರ್ಲೇಬೇಕು, ಅದೂ ಬರೀ ಐಡಲ್ ಸಾಲದು, ಆಲ್ಟರ್ನೇಟರಿನ ಮೇಲೆ 90 ಆಂಪ್ ಅಂತ ಇದ್ರೂ ಐಡಲಿನಲ್ಲಿ ಅಷ್ಟು ಬರುದಿಲ್ಲ, ಸ್ವಲ್ಪ ಆಕ್ಸಿಲರೇಟರ್ ಏರಿಸಿ ಇಟ್ರೆ ಬ್ಯಾಟರಿಯಲ್ಲಿ 13.5ರ ಮೇಲೆ ನಿಲ್ತದೆ. ಡೀಸೆಲ್ ಖರ್ಚು ಅದರ ಪಾಡಿಗೆ ಉಂಟು, ಅದನ್ನು ಕೂಲಿಯಲ್ಲಿ ಸೇರಿಸ್ಲೇಬೇಕು.

ಏನೆಲ್ಲ ನಡೀತದೆ ಅಂದ್ರೆ, 4 ಇಂಚಿನ ಗ್ರೈಂಡರ್ ಚಂದ ನಡೀತದೆ, ಒಂದೂವರೆ ಇಂಚಿನ ಜಿಐ ಪೈಪ್ ಒಂದು ನಿಮಿಷದ ಒಳಗೆ ತುಂಡು, ಆಮೇಲೆ ಅಳತೆ ತೆಗೆಯುದು, ಗುರುತು ಹಾಕುದು ಅಂತ ಮಧ್ಯೆ ಹೊತ್ತು ಹೋಗ್ತದಲ್ಲ, ಅಷ್ಟರಲ್ಲಿ ಬ್ಯಾಟರಿ ಸುಧಾರಿಸಿಕೊಳ್ತದೆ. 600 ವ್ಯಾಟಿನ ಡ್ರಿಲ್ಲು, 800 ವ್ಯಾಟಿನ ಹ್ಯಾಮರ್ ಡ್ರಿಲ್ಲು ಕೇಳುದೇ ಬೇಡ. ಡ್ರಿಲ್ಲಿನ ಟ್ರಿಗರಿನಲ್ಲಿ ಸ್ಪೀಡ್ ಕಂಟ್ರೋಲ್ ಇದ್ರೆ ಪ್ಯೂರ್ ಸೈನ್‌ನಲ್ಲಿ ಮಾತ್ರ ಅದು ನಯವಾಗಿ ಕೆಲಸ ಮಾಡ್ತದೆ, ಅಗ್ಗದ ಮಾಡಿಫೈಡ್ ವೇವಿನ (ಮೆಟ್ಟಿಲಿನ ಹಾಗೆ ಏರಿಳಿಯುವ ಅಲೆಯ) ಇನ್ವರ್ಟರಿನಲ್ಲಿ ಗಕ್ಕ ಗಕ್ಕ ಅಂತ ಎಳೀತದೆ, ಕೆಲವು ಚಾರ್ಜರ್ ಅದರಲ್ಲಿ ಬಿಸಿಯಾಗಿ ಹೋಗ್ತದೆ, ಎರಡು ಮೂರು ಸಾವಿರ ಉಳಿಸ್ಲಿಕ್ಕೆ ಹೋಗ್ಬೇಡಿ. ಮಾರ್ಬಲ್ ಕಟ್ಟರ್ 1250 ವ್ಯಾಟಿನದ್ದು, ಅದು ನಡೀತದೆ, ಆದ್ರೆ ಕೆಂಪುಕಲ್ಲಿಗೆ ಇಟ್ಟು ಅವಸರದಲ್ಲಿ ಒತ್ತಿದ್ರೆ ಓವರ್‌ಲೋಡ್ ಬಂದು ನಿಲ್ತದೆ, ಎರಡು ಮೂರು ಸಲ ಎಳೆದು ಕೊಯ್ಯಬೇಕು. ಕಲ್ಲಿನ ಧೂಳು ಇನ್ವರ್ಟರಿನ ಫ್ಯಾನಿಗೆ ಹೋಗದ ಹಾಗೆ ಗಾಳಿ ಬರುವ ಕಡೆ ಗಾಡಿ ನಿಲ್ಲಿಸಿ. 7 ಇಂಚಿನ ದೊಡ್ಡ ಗ್ರೈಂಡರ್, ಕರೆಂಟಿನ ಮರ ಕೊಯ್ಯುವ ಮಿಷನ್, ವೆಲ್ಡಿಂಗ್ ಮಿಷನ್ ಈ ಮೂರರ ಆಸೆ ಇಟ್ಟುಕೊಳ್ಳುದು ಬೇಡ.

ತೋಟದವರು ಎಲ್ಲರೂ ಕೇಳುದು ಒಂದೇ, “ಪಂಪು ನಡೀತದಾ ಮಾರಾಯಾ?” ಇಲ್ಲ. 1 ಎಚ್‌ಪಿ ಅಂದ್ರೆ 746 ವ್ಯಾಟ್ ತಾನೆ, 1500ರಲ್ಲಿ ಯಾಕೆ ಆಗುದಿಲ್ಲ ಅಂತ ಕೇಳ್ತಾರೆ, ಆ ಮೋಟರ್ ಎಳೆಯುದೇ ಸಾವಿರ ವ್ಯಾಟಿನ ಮೇಲೆ, ಶುರುವಾಗುವಾಗ ಅದರ ಐದಾರು ಪಟ್ಟು, ಇನ್ವರ್ಟರ್ ಒಂದು ಸಲ ಗುಂಯ್ ಅಂದು ಆಫ್ ಆಗ್ತದೆ. ಗ್ರೈಂಡರು ಡ್ರಿಲ್ಲಿನಲ್ಲಿ ಇರುದು ಬ್ರಷ್ಷಿನ ಮೋಟರ್, ಅದರ ಸ್ವಭಾವವೇ ಬೇರೆ.

ಸುರಂಗದ ಕೆಲಸ ಮಾಡುವವರಿಗೆ ಮಾತ್ರ ಒಂದು ಮಾತು ಒತ್ತಿ ಹೇಳ್ಬೇಕು. ನಮ್ಮ ಕಡೆಯ ಸುರಂಗ ಅಂದ್ರೆ ಒಬ್ಬ ಬಗ್ಗಿ ಹೋಗುವಷ್ಟು ಅಗಲ, ಕಾಲಡಿಯಲ್ಲಿ ನೀರು, ಗೋಡೆ ಒದ್ದೆ. ಬಾಯಿಯ ಹತ್ರ ಗಾಡಿಯ ಎಂಜಿನ್ ಆನ್ ಇಟ್ಟು ಒಳಗೆ ಆಳು ಕಳಿಸ್ಬಾರ್ದು, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಒಳಗೆ ತುಂಬಿದ್ರೆ ಗೊತ್ತಾಗುವಾಗ ಹೊರಗೆ ಬರುವ ಶಕ್ತಿ ಇರುದಿಲ್ಲ. ಇನ್ವರ್ಟರಿನ 230 ವೋಲ್ಟ್ ಕೂಡ ಮನೆ ಕರೆಂಟಿನಷ್ಟೇ ಕೊಲ್ತದೆ, ಬ್ಯಾಟರಿಯದ್ದು ಅಂತ ಸದರ ಮಾಡ್ಬೇಡಿ, ಇಂಥ ಇನ್ವರ್ಟರಿಗೆ ಮನೆಯ ಹಾಗೆ ನ್ಯೂಟ್ರಲ್ ಅರ್ಥಿಂಗ್ ಇಲ್ಲದಿದ್ರೆ ಹೊರಗೆ ಹಾಕುವ ಆರ್‌ಸಿಸಿಬಿಯನ್ನೂ (ಕರೆಂಟ್ ಸೋರಿದ್ರೆ ಲೈನ್ ಕಟ್ ಮಾಡುವ ಸ್ವಿಚ್ಚು) ನಂಬಲಿಕ್ಕೆ ಬರುದಿಲ್ಲ. ನಾನು ಮಾಡುದು ಹೀಗೆ, ಪೈಪ್ ಕಟ್ಟಿಂಗ್ ಎಲ್ಲ ಹೊರಗೆ, ಗಾಡಿ ದೂರ. ಒಳಗೆ ಕ್ಲ್ಯಾಂಪಿಗೆ ತೂತು ಹಾಕುದು 18 ವೋಲ್ಟಿನ ಬ್ಯಾಟರಿ ಡ್ರಿಲ್ಲಿನಲ್ಲಿ, ಅದರ ಎರಡನೇ ಬ್ಯಾಟರಿ ಇನ್ವರ್ಟರಿನಲ್ಲಿ ಚಾರ್ಜಿಗೆ ಇರ್ತದೆ.

ಸಣ್ಣ ದೂರುಗಳು ಉಂಟು. ಇನ್ವರ್ಟರಿನ ಸಾಕೆಟಿಗೆ ನಮ್ಮ 15 ಆಂಪಿನ ದಪ್ಪ ಪಿನ್ನು ಸರಿ ಕೂರುದಿಲ್ಲ, ಸಡಿಲ ಪಿನ್ನಿನಲ್ಲಿ ಕಿಡಿ ಬಂದು ಕಪ್ಪಾಗ್ತದೆ, ಬೇರೆ ಒಳ್ಳೆ ಬೋರ್ಡ್ ಹಾಕಿಸಿಕೊಂಡೆ. ಫ್ಯಾನಿನ ಸದ್ದು ಜೋರು. ಲೋಡ್ ಇಲ್ಲದೆ ಆನ್ ಇದ್ರೂ ಒಂದಿಷ್ಟು ಕರೆಂಟ್ ತಿಂತಾ ಇರ್ತದೆ, ಊಟಕ್ಕೆ ಹೋಗುವಾಗ ಆಫ್ ಮಾಡ್ಬೇಕು. ಮ್ಯಾನುಯಲ್ ಇಂಗ್ಲಿಷಿನಲ್ಲಿ ಮಾತ್ರ, ಕನ್ನಡವೂ ಇಲ್ಲ ಮಲಯಾಳವೂ ಇಲ್ಲ, ಪ್ಲಸ್ ಮೈನಸ್ ಅದಲು ಬದಲು ಆದ್ರೆ ಒಳಗೆ ಸುಟ್ಟು ಹೋಗುವ ಸಾಮಾನಿಗೆ ಆ ಎಚ್ಚರಿಕೆಯಾದ್ರೂ ನಮ್ಮ ಭಾಷೆಯಲ್ಲಿ ಬರೀಬೇಕಿತ್ತು, ಕೆಲಸ ಮಾಡುವ ಹುಡುಗರು ಎಲ್ಲರೂ ಇಂಗ್ಲಿಷ್ ಓದುವವರಲ್ಲ.

ಐದಕ್ಕೆ ನಾಲ್ಕು ಕೊಡ್ತೇನೆ, ಒಂದು ಕಳೆದದ್ದು ಆ ಕೇಬಲಿಗೆ. ಪೈಪು, ಗೇಟು, ಶೀಟಿನ ಸಣ್ಣ ಸಣ್ಣ ಕೆಲಸಕ್ಕೆ ಗಾಡಿ ಹೋಗುವ ಜಾಗದಲ್ಲಿ ಓಡಾಡುವವರು ತೆಕ್ಕೊಳ್ಳಿ, ಕೇಬಲ್, ಲಗ್, ಫ್ಯೂಸಿಗೆ ದುಡ್ಡು ಬೇರೆ ತೆಗೆದಿಟ್ಟೇ ಅಂಗಡಿಗೆ ಹೋಗಿ. ದಿನವಿಡೀ ಕಲ್ಲು ಕೊಯ್ಯುವವರು, ಸೈಟಿನಲ್ಲೇ ವೆಲ್ಡಿಂಗ್ ಮಾಡುವವರು ಜನರೇಟರ್ ಬಾಡಿಗೆಗೆ ತಕ್ಕೊಳ್ಳುದೇ ಲಾಭ, ಅವರ ಕೆಲಸಕ್ಕೆ ಇದು ಸಾಲುದಿಲ್ಲ.