ಕಾಲೇಜಿಗೆ ಮಾಸ್ಟರ್ ಪ್ಲಾನ್ ಮಾಡಿಸಿದೆವು: 5ಕ್ಕೆ 3 ಸ್ಟಾರ್

ಕಾಲೇಜಿಗೆ ಹೊಸ ಬ್ಲಾಕ್ ಕಟ್ಟಿಸುವ ಯೋಚನೆಯಲ್ಲಿರುವ ಆಡಳಿತ ಮಂಡಳಿಯವರು, ಪ್ರಿನ್ಸಿಪಾಲರು, ಕೇಳದೆಯೇ ಕಟ್ಟಡ ಸಮಿತಿಗೆ ಹೆಸರು ಸೇರಿಸಿಬಿಟ್ಟ ನನ್ನಂಥ ಮೇಷ್ಟ್ರುಗಳು ಇದನ್ನು ಓದಿ. ನಮ್ಮದು ತಾಲ್ಲೂಕು ಕೇಂದ್ರದ ಅನುದಾನಿತ ಪದವಿ ಕಾಲೇಜು. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮೊದಲಿಂದ ಇವೆ, ಬಿಸಿಎ ಆಮೇಲೆ ಬಂತು. 2023ರ ಶುರುವಿನಲ್ಲಿ ಬೆಂಗಳೂರಿನ ಒಂದು ಕ್ಯಾಂಪಸ್ ಪ್ಲಾನಿಂಗ್ ಸಂಸ್ಥೆಗೆ ಕೆಲಸ ಕೊಟ್ಟೆವು. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಬೇರೆ ಕಾಲೇಜಿನ ಗೆಳೆಯರು ತೋರಿಸಿದ ಬೇರೆ ಸಂಸ್ಥೆಗಳ ಪ್ಲಾನ್‌ಗಳೂ ಹೆಚ್ಚುಕಮ್ಮಿ ಹೀಗೇ ಇದ್ದವು, ಒಬ್ಬರನ್ನೇ ಬೈದು ಏನು ಪ್ರಯೋಜನ?

ಮೊದಲ ಪ್ರೆಸೆಂಟೇಶನ್ ಭರ್ಜರಿಯಾಗಿತ್ತು. ಪರದೆಯ ತುಂಬ ಹಸಿರು ಹುಲ್ಲುಹಾಸು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ಹುಡುಗ ಹುಡುಗಿಯರು, ಹಿಂದೆ ಗಾಜಿನ ಕಟ್ಟಡ. ನಮ್ಮ ಕಡೆ ಏಪ್ರಿಲ್‌ನಲ್ಲಿ ಕುಡಿಯೋಕೆ ಟ್ಯಾಂಕರ್ ನೀರು ಬರುತ್ತದೆ. ಹುಲ್ಲಿಗೆ ನೀರು ಎಲ್ಲಿಂದ ಅಂತ ಅಟೆಂಡರ್ ಒಬ್ಬರು ಹಿಂದಿನಿಂದ ಮೆಲ್ಲಗೆ ಕೇಳಿದರು, ಅದು ಕಾರ್ಯದರ್ಶಿಗಳಿಗೂ ಕೇಳಿಸಿತು. ಅಲ್ಲಿಗೆ ಹುಲ್ಲು ಹೋಯಿತು. ಕಾರ್ ಪೋರ್ಚಿಗೆ ಜಾಗ ಮಾಡಲು ಹಳೇ ಹೊಂಗೆಮರ ತೆಗೆಯಬೇಕು ಅಂತ ಪ್ಲಾನಿನಲ್ಲಿ ಕೆಂಪು ಗುರುತು ಹಾಕಿದ್ದರು. ಅದನ್ನೂ ಬಿಡಿಸಿದೆವು. ಇವೆಲ್ಲ ಸಣ್ಣ ವಿಷಯ, ಹೇಳಿದರೆ ಬದಲಾಯಿಸುತ್ತಾರೆ. ಆ ವಿಷಯದಲ್ಲಿ ಅವರ ಮೇಲೆ ನನಗೆ ದೂರಿಲ್ಲ. ಫೋನ್ ಎತ್ತುತ್ತಿದ್ದರು, ಸೈಟಿಗೆ ಬರುತ್ತಿದ್ದರು, ಡ್ರಾಯಿಂಗ್ ಹೇಳಿದ ದಿನಕ್ಕೆ ಕೊಡುತ್ತಿದ್ದರು.

ದೊಡ್ಡ ಸಮಸ್ಯೆ ಬೇರೆ. ಇಡೀ ಪ್ಲಾನನ್ನು ಅವರು ಆ ವರ್ಷದ ಸಿಲಬಸ್ ನೋಡಿ ಬರೆದಿದ್ದರು.

ನೆನಪಿದೆ ಅಲ್ವಾ, 2021ರ ಆಗಸ್ಟ್‌ನಲ್ಲಿ ದೇಶಕ್ಕೇ ಮೊದಲು ಎನ್ನುವಂತೆ ಕರ್ನಾಟಕ ಕೇಂದ್ರದ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿ ಮಾಡಿತು. ಪದವಿ 4 ವರ್ಷ. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸ್. ಪ್ಲಾನರುಗಳು ಅದನ್ನು ಹಾಗೇ ತಂದು ಕಟ್ಟಡಕ್ಕೆ ಇಳಿಸಿದರು. ಎರಡನೇ ಮಹಡಿಗೆ 'ಆನರ್ಸ್ ಫ್ಲೋರ್' ಅಂತ ಹೆಸರು. ಅದರಲ್ಲಿ ಸಂಶೋಧನಾ ಕೊಠಡಿಗಳು, ಒಂದೊಂದು ಕೊಠಡಿಗೆ ಹತ್ತೋ ಹನ್ನೆರಡೋ ಮಕ್ಕಳು ಕೂರುವ ಲೆಕ್ಕ, ಮಧ್ಯೆ ಗೈಡ್‌ಗಳಿಗೆ ಸಣ್ಣ ಸಣ್ಣ ಕ್ಯಾಬಿನ್. ನೋಡೋಕೆ ಚೆಂದ. ನಾಲ್ಕನೇ ವರ್ಷಕ್ಕೆ ಎಷ್ಟು ಜನ ಉಳಿಯುತ್ತಾರೆ ಅಂತ ನಮ್ಮ ಕಾಮರ್ಸ್ ವಿಭಾಗದವರು ಕೇಳಿದರು. ರಾಷ್ಟ್ರೀಯ ನೀತಿ ಸರ್, ಉಳಿದೇ ಉಳಿಯುತ್ತಾರೆ ಎಂಬ ಉತ್ತರ ಬಂತು. ಬಿ.ಕಾಂ. ಮುಗಿದ ಮರುದಿನವೇ ಕೆಲಸ ಹುಡುಕಬೇಕಾದ ಮಕ್ಕಳನ್ನು ಅವರು ನೋಡಿರಲಿಲ್ಲ ಅನಿಸುತ್ತದೆ.

2023ರ ಮೇನಲ್ಲಿ ಸರ್ಕಾರ ಬದಲಾಯಿತು. ರಾಜ್ಯಕ್ಕೆ ಬೇರೆ ಶಿಕ್ಷಣ ನೀತಿ ಮಾಡಲು ಪ್ರೊ. ಸುಖದೇವ್ ಥೋರಟ್ ಅವರ ಆಯೋಗ ಬಂತು. 2024ರ ಮೇನಲ್ಲಿ, ಆಯೋಗದ ಮಧ್ಯಂತರ ವರದಿ ನೋಡಿಕೊಂಡು, 2024-25ರಿಂದ ಪದವಿ ಮತ್ತೆ 3 ವರ್ಷ ಎಂದು ಆದೇಶ ಹೊರಟಿತು. ಅಷ್ಟು ಹೊತ್ತಿಗೆ ನಮ್ಮ ಮೊದಲ ಸ್ಲ್ಯಾಬ್ ಬಿದ್ದಿತ್ತು. ಹಳೇ ನೀತಿಯಲ್ಲಿ ಸೇರಿದವರು ಬೇಕಾದರೆ ನಾಲ್ಕನೇ ವರ್ಷ ಓದಬಹುದು ಅಂತ ಬಿಟ್ಟಿದ್ದಾರೆ. ಲೆಕ್ಕ ಹಾಕಿ: 2023-24ರಲ್ಲಿ ಸೇರಿದ ಕೊನೆಯ ಬ್ಯಾಚಿನ ನಾಲ್ಕನೇ ವರ್ಷ 2026-27. ಅದು ಮುಗಿದರೆ ಆನರ್ಸ್ ಫ್ಲೋರಿಗೆ ಆನರ್ಸೇ ಇಲ್ಲ. ಐವತ್ತು ವರ್ಷ ನಿಲ್ಲುವ ಕಾಂಕ್ರೀಟನ್ನು ನಾಲ್ಕು ವರ್ಷ ಬಾಳದ ಆದೇಶದ ಅಳತೆಗೆ ಹೊಲಿಸಿದ ಹಾಗಾಯಿತು.

ಸರ್ಕಾರ ಬದಲಾಗುತ್ತದೆ ಅಂತ ಪ್ಲಾನರಿಗೆ ಹೇಗೆ ಗೊತ್ತಾಗಬೇಕು ಅಂತ ನೀವು ಕೇಳಬಹುದು. ಗೊತ್ತಾಗಬೇಕಿಲ್ಲ. ಆದರೆ ಏನೋ ಒಂದು ಬದಲಾಗಿಯೇ ಆಗುತ್ತದೆ ಅನ್ನೋದು ಗೊತ್ತಿರಬೇಕು, ಅವರಿಗೆ ನಾವು ಫೀಸು ಕೊಡುವುದೇ ಅದಕ್ಕೆ. ನಾನು ಕೆಲಸಕ್ಕೆ ಸೇರಿದಾಗ ವಾರ್ಷಿಕ ಪರೀಕ್ಷೆ, ಆಮೇಲೆ ಸೆಮಿಸ್ಟರ್, ಆಮೇಲೆ ಸಿಬಿಸಿಎಸ್ (ವಿಷಯ ಆರಿಸಿಕೊಳ್ಳುವ ಕ್ರೆಡಿಟ್ ಪದ್ಧತಿ), ಆಮೇಲೆ ಈ 4 ವರ್ಷ, ಈಗ ಮತ್ತೆ 3. 2024-25ರಿಂದ ಬಿಬಿಎ, ಬಿಸಿಎಗೂ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಅನುಮತಿ ಬೇಕು ಅಂತ ಆಯಿತು. ಅದೇ ವರ್ಷ ಎಐಸಿಟಿಇ ಒಳ್ಳೆಯ ಕಾಲೇಜುಗಳಿಗೆ ಸೀಟುಗಳ ಮಿತಿ ತೆಗೆದುಹಾಕಿತು. ಎಂಜಿನಿಯರಿಂಗ್ ಕಾಲೇಜಿನ ಗೆಳೆಯರನ್ನು ಕೇಳಿ ನೋಡಿ, ಕಂಪ್ಯೂಟರ್ ಸೈನ್ಸಿಗೆ ಕೊಠಡಿ ಸಾಲದು, ಸಿವಿಲ್, ಮೆಕ್ಯಾನಿಕಲ್ ವರ್ಕ್‌ಶಾಪುಗಳಲ್ಲಿ ಮಕ್ಕಳಿಲ್ಲ. ಅಲ್ಲಿನ ಲೇತ್ ಮೆಷಿನ್ ಎತ್ತಿ ಹೊರಗಿಡಬಹುದು, ಅದಕ್ಕೆಂದೇ ಕಟ್ಟಿದ ಶೆಡ್ಡನ್ನು ಕ್ಲಾಸ್ ರೂಮ್ ಮಾಡೋದು ಅಷ್ಟು ಸುಲಭ ಅಲ್ಲ.

ಇನ್ನೊಂದು ತಮಾಷೆ. ಮುಖ್ಯದ್ವಾರದ ಕಮಾನಿನ ಮೇಲೆ ಕಾಲೇಜಿನ ಹೆಸರು, ಅದರ ಕೆಳಗೆ ಸಂಯೋಜನೆ ಪಡೆದ ವಿಶ್ವವಿದ್ಯಾಲಯದ ಹೆಸರು, ಎರಡೂ ಗ್ರಾನೈಟಿನಲ್ಲಿ ಕೆತ್ತಿಸುವ ಪ್ಲಾನಿತ್ತು. ನಮ್ಮದು ಹೊಸ ಜಿಲ್ಲಾ ವಿ.ವಿ. 2025ರ ಫೆಬ್ರವರಿಯಲ್ಲಿ, ಹೊಸದಾಗಿ ಶುರುವಾದ 10ರಲ್ಲಿ 9 ವಿ.ವಿ.ಗಳನ್ನು ಮುಚ್ಚುವ ಸಚಿವ ಸಂಪುಟ ಉಪಸಮಿತಿಯ ಮಾತು ಪೇಪರಿನಲ್ಲಿ ಬಂತು. ಕಲ್ಲಿನ ಕೆಲಸದವರಿಗೆ ಅವತ್ತೇ ಫೋನ್ ಮಾಡಿ ಎರಡನೇ ಸಾಲು ನಿಲ್ಲಿಸಿ ಅಂದೆವು. ಆ ಜಾಗ ಈಗಲೂ ಖಾಲಿ ಇದೆ, ಚೆನ್ನಾಗಿಯೇ ಕಾಣುತ್ತದೆ.

ಈಗ ಮೂರು ಸ್ಟಾರ್ ಯಾಕೆ ಕೊಟ್ಟೆ ಅಂತ ಹೇಳುತ್ತೇನೆ. ಆ ತಂಡದಲ್ಲಿ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಇದ್ದರು. ಮಾತು ಕಮ್ಮಿ, ಪ್ರೆಸೆಂಟೇಶನ್‌ನಲ್ಲಿ ಬಾಯೇ ಬಿಟ್ಟಿರಲಿಲ್ಲ. ಅವರು ಮಾಡಿದ ಒಂದು ಕೆಲಸ ನಮ್ಮನ್ನು ಉಳಿಸಿತು. ಭಾರವನ್ನೆಲ್ಲ ಕಂಬ, ತೊಲೆಗಳ ಮೇಲೆ ಹಾಕಿ, ಒಳಗಿನ ಗೋಡೆಗಳನ್ನು ಸುಮ್ನೆ ತೆಳು ಬ್ಲಾಕಿನಲ್ಲಿ ಇಟ್ಟಿದ್ದರು. ನಮ್ಮ ಹಳೇ ಬ್ಲಾಕಿನ ಹಾಗೆ ದಪ್ಪ ಇಟ್ಟಿಗೆ ಗೋಡೆಯೇ ಛಾವಣಿ ಹೊತ್ತಿದ್ದರೆ ಒಂದು ಗೋಡೆಯನ್ನೂ ಮುಟ್ಟುವ ಹಾಗಿರಲಿಲ್ಲ. ಆದೇಶ ಬಂದ ಮೇಲೆ ಅವರೇ ಬಂದು ಎರಡನೇ ಮಹಡಿಯ ಕ್ಯಾಬಿನ್ ಗೋಡೆಗಳನ್ನೆಲ್ಲ ಡ್ರಾಯಿಂಗಿನಿಂದ ತೆಗೆದುಹಾಕಿದರು. ಎರಡು ಉದ್ದದ ಹಾಲ್ ಸಿಕ್ಕವು. ಒಂದೊಂದು ಹಾಲಿಗೂ ಎರಡು ತುದಿಯಲ್ಲಿ ಬಾಗಿಲು, ಅರ್ಧ ಅರ್ಧಕ್ಕೆ ಬೇರೆ ಸ್ವಿಚ್ ಬೋರ್ಡು, ಫ್ಯಾನ್ ಲೈನೂ ಬೇರೆ, ಎರಡೂ ಅರ್ಧಕ್ಕೆ ಕಿಟಕಿ. ಅಂದರೆ ನಾಳೆ ಮಧ್ಯೆ ಒಂದು ಗೋಡೆ ಎಬ್ಬಿಸಿದರೆ ಯಾವ ಕಡೆಯೂ ಕತ್ತಲು ಕೋಣೆ ಆಗುವುದಿಲ್ಲ, ಒಂದು ಕ್ಲಾಸ್ ದಾಟಿ ಇನ್ನೊಂದು ಕ್ಲಾಸಿಗೆ ಹೋಗುವ ಕರ್ಮವೂ ಇಲ್ಲ. ನಮ್ಮ ಹಳೇ ಬ್ಲಾಕಿನಲ್ಲಿ ಪ್ಲೈವುಡ್ ಹಾಕಿ ಇಬ್ಭಾಗ ಮಾಡಿದ ಕೋಣೆ ಒಂದಿದೆ. ಆ ಕಡೆ ಇತಿಹಾಸದವರು ಪಾಣಿಪತ್ ಯುದ್ಧ ಮಾಡುತ್ತಿದ್ದರೆ ಈ ಕಡೆ ನನ್ನ ಕನ್ನಡ ಕ್ಲಾಸಿನ ಮಕ್ಕಳು ಅದನ್ನೇ ಬರೆದುಕೊಳ್ಳುತ್ತಾರೆ. ಫ್ಯಾನ್ ಹಾಕಬೇಕಾದರೆ ಆ ಕಡೆಯವರನ್ನು ಕೂಗಬೇಕು. ಆದ್ದರಿಂದ ಸ್ವಿಚ್ ಬೋರ್ಡಿನ ಬೆಲೆ ನನಗೆ ಗೊತ್ತು.

ಹಳೇ ಕಾಲದವರಿಗೆ ಇದು ಹೇಳಿಕೊಡದೇ ಬರುತ್ತಿತ್ತೇನೋ. ಮೈಸೂರಿನ ಮಹಾರಾಜ ಕಾಲೇಜಿನ ಜೂನಿಯರ್ ಬಿ.ಎ. ಹಾಲ್ ನೋಡಿ. ಜೂನಿಯರ್ ಬಿ.ಎ. ಅನ್ನೋ ಕ್ಲಾಸೇ ಈಗಿಲ್ಲ. ಹಾಲ್ ಇದೆ, ಸೆಮಿನಾರು, ಭಾಷಣ, ಪುಸ್ತಕ ಬಿಡುಗಡೆ ಎಲ್ಲ ಅಲ್ಲೇ ನಡೆಯುತ್ತವೆ. ಬೆಂಗಳೂರಿನ ಸೆಂಟ್ರಲ್ ಕಾಲೇಜು ಒಂದು ಕಾಲಕ್ಕೆ ಮೈಸೂರು ವಿ.ವಿ.ಯದ್ದು, ಆಮೇಲೆ ಬೆಂಗಳೂರು ವಿ.ವಿ.ಯದ್ದು, 2017ರಲ್ಲಿ ವಿ.ವಿ. ಮೂರು ಹೋಳಾದ ಮೇಲೆ ಇನ್ನೊಂದು ಹೊಸ ವಿ.ವಿ.ಯದ್ದು. ಬೋರ್ಡು ಬದಲಾಯಿತು, ಅದೇ ಕಟ್ಟಡಗಳಲ್ಲಿ ಪಾಠ ನಡೆದೇ ಇದೆ. ಎತ್ತರದ ಛಾವಣಿ, ಅಗಲದ ಜಗಲಿ, ದೊಡ್ಡ ಕಿಟಕಿ ಇದ್ದರೆ ಯಾವ ನೀತಿ ಬಂದರೂ ಕೂತು ಪಾಠ ಕೇಳಬಹುದು.

ಜಗಲಿ ಅಂದಾಗ ಐಐಎಂ ಬೆಂಗಳೂರು ನೆನಪಾಯಿತು. ಬನ್ನೇರುಘಟ್ಟ ರಸ್ತೆಯ ಆ ಕ್ಯಾಂಪಸ್ ವಾಸ್ತುಶಿಲ್ಪಿ ಬಿ.ವಿ. ದೋಶಿಯವರ ವಿನ್ಯಾಸ, 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತಲ್ಲ, ಅವರು. ಫತೇಪುರ್ ಸಿಕ್ರಿಯ ಅಂಗಳಗಳಿಂದ ಅವರಿಗೆ ಆ ಯೋಚನೆ ಬಂದದ್ದು. ಒಂದು ಕಾರ್ಯಾಗಾರಕ್ಕೆ ಅಲ್ಲಿಗೆ ಹೋಗಿದ್ದೆ. ಹೆಚ್ಚು ಮಾತುಕತೆ ನಡೆದದ್ದು ಹಾಲಿನಲ್ಲಲ್ಲ, ಕಾರಿಡಾರಿನಲ್ಲಿ. ಒರಟು ಕಲ್ಲಿನ ಗೋಡೆ, ಮೇಲೆ ಅಲ್ಲಲ್ಲಿ ಬರೀ ತೊಲೆಗಳ ಚಪ್ಪರ, ಬಳ್ಳಿ, ಬಿಸಿಲು ಪಟ್ಟೆಪಟ್ಟೆಯಾಗಿ ಬೀಳುತ್ತದೆ. ದಾರಿ ಎಷ್ಟು ಅಗಲ ಇದೆ ಎಂದರೆ ನಾಲ್ಕು ಜನ ನಿಂತು ವಾದ ಮಾಡುತ್ತಿದ್ದರೂ ದಾಟುವವರಿಗೆ ತೊಂದರೆ ಇಲ್ಲ. ನಮ್ಮ ಪ್ಲಾನರಿಗೆ ಇದನ್ನು ಹೇಳಿದಾಗ ಕಾರಿಡಾರ್ ಅಗಲ ಮಾಡಿದರೆ ಜಾಗ ವೇಸ್ಟ್ ಆಗುತ್ತದೆ ಸರ್ ಅಂದರು. ಕಾಲೇಜಿನಲ್ಲಿ ಮಕ್ಕಳು ಮಾತಾಡಿಕೊಳ್ಳುವ ಜಾಗ ವೇಸ್ಟಾ?

ನನಗೆ ಸಿಟ್ಟು ಬಂದದ್ದು ಇಲ್ಲಿಯೇ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಫ್ರೀ. ನಮ್ಮಲ್ಲಿ ಮೊದಲೇ ಹುಡುಗಿಯರು ಜಾಸ್ತಿ. ಈಗ ದೂರದ ಹಳ್ಳಿಗಳಿಂದಲೂ ಬರುತ್ತಾರೆ. ಆದರೆ ಹಳ್ಳಿಗೆ ಬಸ್ ಇರುವುದು ಬೆಳಿಗ್ಗೆ ಒಂದು, ಸಂಜೆ ಒಂದು. ಎಂಟಕ್ಕೆ ತಂದು ಇಳಿಸುತ್ತದೆ, ಕ್ಲಾಸ್ ಹತ್ತಕ್ಕೆ. ಮಧ್ಯಾಹ್ನ ಕ್ಲಾಸ್ ಮುಗಿದರೂ ಸಂಜೆಯ ಬಸ್ಸಿಗೆ ಕಾಯಬೇಕು. ದಿನಕ್ಕೆ ಮೂರು ನಾಲ್ಕು ಗಂಟೆ ಈ ಮಕ್ಕಳು ಕ್ಲಾಸಿನಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಎಲ್ಲಿ ಕೂರಬೇಕು? ಪ್ಲಾನಿನಲ್ಲಿ ಮೆಟ್ಟಿಲ ಕೆಳಗೆ 'ಲೇಡೀಸ್ ರೂಮ್' ಅಂತ ಒಂದು ಗೂಡು ತೋರಿಸಿದ್ದರು, ಇಪ್ಪತ್ತು ಜನ ನಿಂತರೆ ತುಂಬಿತು. ಕಾರ್ ಪಾರ್ಕಿಂಗ್ ಮಾತ್ರ ಧಾರಾಳ. ನಮ್ಮ ಸ್ಟಾಫಿನಲ್ಲಿ ಕಾರು ಇರುವವರೇ ಕಮ್ಮಿ. ಶೌಚಾಲಯವನ್ನು ಹುಡುಗರಿಗೆ, ಹುಡುಗಿಯರಿಗೆ ಸಮ ಸಮ ಹಂಚಿದ್ದರು. ಯಾರು ಎಷ್ಟು ಜನ ಇದ್ದಾರೆ ಅಂತ ಹಾಜರಿ ಪುಸ್ತಕ ಕೇಳಿಯೂ ನೋಡಿರಲಿಲ್ಲ. ಬಸ್ ನಿಲ್ಲುವುದು ಹಿಂದಿನ ಗೇಟಿನ ಕಡೆ, ಆ ಗೇಟನ್ನು ಪ್ಲಾನಿನಲ್ಲಿ ಮುಚ್ಚಿಬಿಟ್ಟಿದ್ದರು.

ಲೈಬ್ರರಿಯನ್ ಮೇಡಂ ಮತ್ತು ಕೆಲವು ಹುಡುಗಿಯರನ್ನು ಮೀಟಿಂಗಿಗೆ ಕರೆಸಿ ಕೂರಿಸಿದ ಮೇಲೆ ವಿಷಯ ಪ್ಲಾನರ ತಲೆಗೆ ಹೋಯಿತು. ಮೂರನೇ ವರ್ಷದ ಬಿ.ಎ. ಹುಡುಗಿ ಒಬ್ಬಳು ಎದ್ದು, ಊಟದ ಡಬ್ಬಿ ತೆರೆಯೋಕೆ ಒಂದು ಜಾಗ ಕೊಡಿ ಸಾರ್, ನಾವು ಈಗ ಸೈಕಲ್ ಸ್ಟ್ಯಾಂಡಿನಲ್ಲಿ ತಿನ್ನುತ್ತಿದ್ದೇವೆ ಅಂದಳು. ಆಮೇಲೆ ಬದಲಾಯಿಸಿದರು, ಅದಕ್ಕೆ ಬೇರೆ ಫೀಸು ಕೇಳಲಿಲ್ಲ, ಅದನ್ನೂ ಹೇಳಬೇಕು. ಹಿಂದಿನ ಗೇಟು ಈಗ ತೆರೆದಿದೆ. ಅಲ್ಲಿಂದ ಲೈಬ್ರರಿವರೆಗೆ ಶೀಟ್ ಹಾಕಿದ ದಾರಿ, ಎರಡೂ ಕಡೆ ಕಡಪಾ ಕಲ್ಲಿನ ಕಟ್ಟೆ, ಮಧ್ಯೆ ಕೈ ತೊಳೆಯುವ ನಲ್ಲಿ, ಚಾರ್ಜಿಂಗ್ ಪಾಯಿಂಟು. ಲೈಬ್ರರಿ ಎಂಟಕ್ಕೇ ತೆರೆಯುತ್ತದೆ. ಇಡೀ ಯೋಜನೆಯಲ್ಲಿ ಕಮ್ಮಿ ದುಡ್ಡಿನ ಕೆಲಸ ಇದು, ದಿನಾ ಉಪಯೋಗ ಆಗುತ್ತಿರುವುದೂ ಇದೇ.

ನೀವು ಪ್ಲಾನರನ್ನು ಕರೆಸುವವರಿದ್ದರೆ ಮೊದಲು ಒಂದು ದಿನ ಬೆಳಿಗ್ಗೆ ಎಂಟರಿಂದ ಸಂಜೆ ಕೊನೇ ಬಸ್ಸಿನವರೆಗೆ ಅವರನ್ನು ಕ್ಯಾಂಪಸ್ಸಿನಲ್ಲಿ ಕೂರಿಸಿ. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡದ ಭೇಟಿಯ ದಿನ ಬೇಡ, ಮಾಮೂಲಿ ಮಂಗಳವಾರ ಸಾಕು. ಯಾವ ಕೊಠಡಿಗೂ ಕೋರ್ಸಿನ ಹೆಸರು ಹಾಕಿಸಬೇಡಿ, ನಂಬರ್ ಹಾಕಿಸಿ. ಯಾವ ಗೋಡೆ ಒಡೆಯಬಹುದು, ಯಾವುದು ಒಡೆಯಬಾರದು ಅಂತ ಡ್ರಾಯಿಂಗಿನ ಮೇಲೆ ಬೇರೆ ಬಣ್ಣದಲ್ಲಿ ಗುರುತು ಹಾಕಿಸಿ ಸಹಿ ತಗೊಳ್ಳಿ. ನಾವು ಇದನ್ನು ಲ್ಯಾಮಿನೇಟ್ ಮಾಡಿಸಿ ಆಫೀಸಿನಲ್ಲಿ ತಗಲಿ ಹಾಕಿದ್ದೇವೆ. ಪ್ರಿನ್ಸಿಪಾಲರು ನಿವೃತ್ತರಾಗುತ್ತಾರೆ, ಪ್ಲಾನರ ಫೋನ್ ನಂಬರೂ ಬದಲಾಗುತ್ತದೆ.

ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ಅಂತಿಮ ವರದಿ ಕೊಟ್ಟಿದೆ. ಅದನ್ನು ನೋಡಿಕೊಂಡು ಎರಡನೇ ಹಂತದ ಪ್ಲಾನ್ ಬದಲಾಯಿಸೋಣ ಸರ್ ಅಂತ ಈ ಪ್ಲಾನರು ಆಗಲೇ ಮೇಲ್ ಕಳಿಸಿದ್ದಾರೆ, ಜೊತೆಗೆ ಕೊಟೇಶನ್ನೂ ಇದೆ. ಕಂಬ, ತೊಲೆ, ಕಿಟಕಿ, ನಲ್ಲಿ ಇಷ್ಟರ ಪ್ಲಾನ್ ಕಳಿಸಿ, ನೀತಿಯ ಸ್ಲೈಡ್ ಬೇಡ ಅಂತ ಬರೆದಿದ್ದೇವೆ. ಆ ಸ್ಟ್ರಕ್ಚರಲ್ ಎಂಜಿನಿಯರ್ ಇನ್ನೂ ಅಲ್ಲೇ ಇದ್ದಾರಾ ಅಂತಲೂ ಕೇಳಿದ್ದೇವೆ. ಇದ್ದರೆ ಕೆಲಸ ಇವರಿಗೇ.