ಸ್ಟೈಪೆಂಡ್ ಬರುವ ಮೊದಲೇ ಖಾತೆ ಫ್ರೀಜ್: ಮಂಗಳೂರಿಗೆ ಇಂಟರ್ನ್‌ಶಿಪ್‌ಗೆ ಹೊರಟವರು ಗಮನಿಸಿ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆ ಡಿಗ್ರಿ ಮುಗಿಸಿದ ಹೆಣ್ಣುಮಕ್ಕಳಿಗೆ ಮಂಗಳೂರೇ ಹತ್ತಿರದ ದೊಡ್ಡ ಪೇಟೆ. ಆ ದಾರಿಯಲ್ಲೇ ಈ ಮೋಸವೂ ಕಾದು ಕೂತಿರುತ್ತದೆ.

ಬಿ.ಕಾಂ. ಮುಗಿಸಿದವಳೊಬ್ಬಳಿಗೆ ಆದದ್ದು ಇಷ್ಟು. ವಾಟ್ಸಾಪ್‌ನಲ್ಲಿ ಬಂದ ಜಾಹೀರಾತು: ಮಹಿಳಾ ಪದವೀಧರರಿಗೆ ಮೂರು ತಿಂಗಳ ಅಕೌಂಟ್ಸ್ ಇಂಟರ್ನ್‌ಶಿಪ್, ತಿಂಗಳಿಗೆ 8,000 ರೂ. ಫೋನಿನಲ್ಲೇ ಇಂಟರ್‌ವ್ಯೂ, 2,500 ರೂ. ರಿಜಿಸ್ಟ್ರೇಶನ್. ಸೇರಿದ ದಿನವೇ ಅಂಕಪಟ್ಟಿಗಳ ಒರಿಜಿನಲ್ 'ಪರಿಶೀಲನೆಗೆ' ಒಳಗೆ ಹೋದವು. ಟ್ಯಾಲಿ, ಜಿಎಸ್‌ಟಿ ಕಲಿಸುತ್ತೇವೆ ಎಂದವರು ಮೂರು ವಾರ ಅವಳಿಂದ ಫೋನ್ ಮಾಡಿಸಿದರು. ಯಾರಿಗೆ? ಅದೇ ರಿಜಿಸ್ಟ್ರೇಶನ್ ಕಟ್ಟಬೇಕಾದ ಇನ್ನಷ್ಟು ಹುಡುಗಿಯರಿಗೆ. ನಾಲ್ಕನೆಯ ವಾರ ಅವಳ ಹೆಸರಲ್ಲಿ ಹೊಸ ಬ್ಯಾಂಕ್ ಖಾತೆ: 'ಗಿರಾಕಿಗಳ ಹಣ ಬರುತ್ತದೆ, ಹೇಳಿದ ಖಾತೆಗೆ ದಾಟಿಸು, ಇದೇ ಪೇಮೆಂಟ್ ಟ್ರೈನಿಂಗ್.'

ನಿಜವಾದ ಅಪಾಯ ಇಲ್ಲಿದೆ. ರಿಜಿಸ್ಟ್ರೇಶನ್ ಹಣ ಹೋದರೆ ಹೋಯಿತು ಎನ್ನಬಹುದು. ಆದರೆ ಹೀಗೆ ಬರುವ ಹಣ ಎಲ್ಲೋ ಮೋಸಹೋದವರದ್ದು. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ ಹಣ ಹೋದ ಜಾಡಿನಲ್ಲಿ ಸಿಗುವ ಹೆಸರು ನಿಮ್ಮದು, ಆಫೀಸಿನವರದ್ದಲ್ಲ. ಖಾತೆ ಫ್ರೀಜ್ ಆಗುತ್ತದೆ, ಯಾವುದೋ ರಾಜ್ಯದ ಪೊಲೀಸರ ನೋಟಿಸ್ ಮನೆಗೆ ಬರುತ್ತದೆ. ಸರಿಯಾದ ಸಂಸ್ಥೆ ತನ್ನ ವ್ಯವಹಾರವನ್ನು ಇಂಟರ್ನ್ ಒಬ್ಬಳ ಸ್ವಂತ ಖಾತೆಯಲ್ಲಿ ಯಾವತ್ತೂ ಮಾಡುವುದಿಲ್ಲ. ಎಟಿಎಂ ಕಾರ್ಡ್, ಸಿಮ್ ಕೇಳಿದರೂ ಅಷ್ಟೇ, ಎದ್ದು ಬನ್ನಿ.

ಈಗಾಗಲೇ ಸಿಕ್ಕಿಬಿದ್ದಿದ್ದರೆ ಉಳಿದ ಹಣ ಮುಟ್ಟಬೇಡಿ. ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. 1930ಕ್ಕೆ ನೀವೇ ಮೊದಲು ಕರೆ ಮಾಡಿ. ಹೆದರಿ ಚಾಟ್ ಅಳಿಸುವವರೇ ಹೆಚ್ಚು. ಹೇಳಿದ್ದು ಯಾರು ಎಂಬುದಕ್ಕೆ ಇರುವ ಸಾಕ್ಷಿಯೇ ಅದು.

ಸೇರುವ ಮೊದಲು ನೋಡಬೇಕಾದ್ದು ಅರ್ಧ ಗಂಟೆಯ ಕೆಲಸ. ಕಂಪನಿಯಾದರೆ 21 ಅಕ್ಷರ-ಅಂಕಿಗಳ ಸಿಐಎನ್, ಅಂದರೆ ಕಂಪನಿಯ ಗುರುತಿನ ಸಂಖ್ಯೆ, ಕೇಳಿ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಹಾಕಿದರೆ ವಿಳಾಸ ಕಾಣುತ್ತದೆ. ಸಣ್ಣ ಆಫೀಸಾಗಿ ಜಿಎಸ್‌ಟಿ ಇದ್ದರೆ ಅದರ 15 ಅಂಕಿ-ಅಕ್ಷರಗಳ ಸಂಖ್ಯೆ ಪಡೆಯಿರಿ. ಮೊದಲ ಎರಡು ಅಂಕಿ ರಾಜ್ಯದ ಕೋಡ್: ಕರ್ನಾಟಕಕ್ಕೆ 29, ಕೇರಳಕ್ಕೆ 32. ಮಂಗಳೂರಿನ ಆಫೀಸು 29 ಬಿಟ್ಟು ಬೇರೆಯದನ್ನು ತೋರಿಸಿದರೆ ಯಾಕೆಂದು ಕೇಳಲೇಬೇಕು. ನೋಂದಣಿ ಇದ್ದ ಮಾತ್ರಕ್ಕೆ ಒಳ್ಳೆಯವರೆಂದಲ್ಲ, ಆದರೆ ಇಲ್ಲದವರನ್ನು ಬೇಗ ಜಾಲಿಸಬಹುದು.

ಆಫರ್ ಲೆಟರಿನಲ್ಲಿ ಆರಂಭ ಮತ್ತು ಮುಕ್ತಾಯದ ದಿನ, ಕೆಲಸದ ವೇಳೆ, ಸ್ಟೈಪೆಂಡ್ ಬರುವ ದಿನ, ಏನು ಕಲಿಸುತ್ತಾರೆ, ಯಾರ ಕೈಕೆಳಗೆ ಎಂಬುದು ಇರಲಿ. ಅಂಕಪಟ್ಟಿಯ ಜೆರಾಕ್ಸ್ ಮಾತ್ರ ಕೊಡಿ. ಒರಿಜಿನಲ್ ತೋರಿಸಿ, ಅಲ್ಲೇ ಹಿಂದೆ ಪಡೆಯಿರಿ.

ಇನ್ನೊಂದು ಮಾತು, ಯಾರೂ ಹೇಳಿಕೊಡದ್ದು: ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಟ್ರೈನಿಗಳಿಗೂ ಅನ್ವಯ, ಸಂಬಳ ಇರಲಿ ಬಿಡಲಿ. ಹತ್ತು ಅಥವಾ ಹೆಚ್ಚು ಜನರಿರುವ ಆಫೀಸಿನಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣದಾದರೆ ಆಫೀಸಿರುವ ಜಿಲ್ಲೆಯ ಸ್ಥಳೀಯ ಸಮಿತಿಗೆ, ಅಂದರೆ ದಕ್ಷಿಣ ಕನ್ನಡಕ್ಕೆ, ದೂರು. ದೂರು ಕೊಡಲು ಇರುವ ಅವಧಿ ಘಟನೆ ನಡೆದಂದಿನಿಂದ ಮೂರು ತಿಂಗಳು.

ವಂಚನೆಯ ದೂರಿಗೆ ಮಾತ್ರ ಗಡಿಯ ತಲಪಾಡಿ ದಾಟಬೇಕಿಲ್ಲ. 'ನಡೆದದ್ದು ಮಂಗಳೂರಲ್ಲಿ, ಅಲ್ಲಿಗೇ ಹೋಗಿ' ಎಂದು ಠಾಣೆಯವರು ಹೇಳಿದರೆ ಝೀರೋ ಎಫ್‌ಐಆರ್ ಕೇಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಕೃತ್ಯ ಎಲ್ಲೇ ನಡೆದಿರಲಿ, ಕುಂಬಳೆ ಠಾಣೆಯಲ್ಲೇ ದೂರು ಕೊಡಬಹುದು.